ವಾರ್ಹಾಲನ ವೇಸ್ಟ್ ಶೀಟುಗಳು

ಪಿಟ್ಸ್‌ಬರ್ಗಿನ ಆಂಡಿ ವಾರ್ಹಾಲ್ ಮ್ಯೂಸಿಯಮ್ಮಿನ ಒಂದು ಗೋಡೆಯುದ್ದಕ್ಕೂ ಹನ್ನೊಂದು ಎಲ್ವಿಸ್ ಪ್ರೆಸ್ಲಿಗಳು ಸಾಲಾಗಿ ನಿಂತಿದ್ದಾರೆ. ಎಲ್ಲರ ಕೈಯಲ್ಲೂ ಪಿಸ್ತೂಲು, ಎಲ್ಲರ ಬೆನ್ನಿಗೂ ಬೆಳ್ಳಿ ಬಣ್ಣ. 1963ರ ಕೆಲಸ, ಕ್ಯಾನ್ವಾಸಿನ ಉದ್ದ 30 ಅಡಿಗೂ ಜಾಸ್ತಿ. ಒಬ್ಬ ಎಲ್ವಿಸ್ ಕಪ್ಪಗೆ ಗಟ್ಟಿಯಾಗಿ ಮೂಡಿದ್ದರೆ ಇನ್ನೊಬ್ಬ ಮಾಸಲು. ಒಬ್ಬನ ತೋಳು ಪಕ್ಕದವನ ಮೈಮೇಲೆ ಹತ್ತಿದೆ. ನಮ್ಮ ಮುಂದೆ ಇದ್ದ ಗುಂಪಿಗೆ ವಿವರಿಸುತ್ತಿದ್ದ ಹುಡುಗಿ, ಖ್ಯಾತಿ ಹೇಗೆ ಮನುಷ್ಯನನ್ನು ಕರಗಿಸಿಬಿಡುತ್ತದೆ ಎಂಬುದನ್ನು ಕಲಾವಿದ ಇಲ್ಲಿ ತೋರಿಸಿದ್ದಾನೆ ಎಂದಳು. ನಾನು ಹತ್ತಿರ ಹೋಗಲು ಎಷ್ಟು ಬಿಡುತ್ತಾರೋ ಅಷ್ಟು ಹತ್ತಿರ ಹೋಗಿ, ಕನ್ನಡಕ ಏರಿಸಿ ನೋಡಿದೆ. ಮಾಸಲು ಎಲ್ವಿಸ್ ಇದ್ದ ಕಡೆ ಸ್ಕ್ರೀನು ಕಟ್ಟಿತ್ತು.

ಮೊಮ್ಮಗಳು ಕೇಳಿದಳು, "ಏನಜ್ಜಿ, ಅಷ್ಟು ಹೊತ್ತಿಂದ ಏನು ನೋಡ್ತಿದೀಯ?"

"ಇಂಕು ಒಣಗಿದೆ ಕಣೇ. ಇದನ್ನ ನಮ್ಮಲ್ಲಿ ವೇಸ್ಟಿಗೆ ಹಾಕ್ತಿದ್ವಿ."

ನಾನು ಚಿತ್ರಕಲೆ ಓದಿದವಳಲ್ಲ. ಮೈಸೂರಿನಲ್ಲಿ ನಮ್ಮ ಯಜಮಾನರು ಒಂದು ಸಣ್ಣ ಪ್ರೆಸ್ ಇಟ್ಟಿದ್ದರು. ಮುಂದಿನ ಕೋಣೆಯಲ್ಲಿ ಟ್ರೆಡಲ್ ಮೆಷೀನು, ಮೊಳೆ ಜೋಡಿಸುವ ಕೇಸುಗಳು. ಎಂಬತ್ತರ ದಶಕದಲ್ಲಿ ಗಿರಾಕಿಗಳು ಬಣ್ಣಬಣ್ಣದ ಲಗ್ನಪತ್ರಿಕೆ ಕೇಳತೊಡಗಿದಾಗ ಹಿಂದಿನ ಕೋಣೆಗೆ ಸ್ಕ್ರೀನ್ ಪ್ರಿಂಟಿಂಗ್ ಬಂತು. ಅದು ನನ್ನ ಪಾಲಿಗೆ ಬಂತು. ಆಫ್‌ಸೆಟ್ ಅಗ್ಗವಾಗಿ, ಫ್ಲೆಕ್ಸ್ ಬಂದು, ಸ್ಕ್ರೀನು ಮೂಲೆ ಸೇರುವವರೆಗೂ ಅದೇ ನನ್ನ ಕೆಲಸ. ಹಾಗಾಗಿ ವಾರ್ಹಾಲನ ಬಗ್ಗೆ ನಾನು ಬರೆಯುವುದು ಒಬ್ಬ ಕಸುಬಿನವಳ ಮಾತು. ವಿಮರ್ಶಕರು ಅವನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಸ್ಕ್ರೀನಿನ ಬಗ್ಗೆ ಒಂದೆರಡು ಸಾಲಿನಲ್ಲಿ ಮುಗಿಸಿರುತ್ತಾರೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಮನೆ ಮುಂದೆ ತೂತಿನ ತಗಡಿನ ಅಚ್ಚಿಟ್ಟು ರಂಗೋಲಿ ಪುಡಿ ಎಳೆಯುತ್ತಾರಲ್ಲ, ಅದರ ದೊಡ್ಡಣ್ಣನೇ ಸ್ಕ್ರೀನು. ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿದ ನವಿರಾದ ಜಾಲರಿ ಬಟ್ಟೆ. ಚಿತ್ರ ಬೇಡವಾದ ಕಡೆ ಬಟ್ಟೆಯ ಕಣ್ಣು ಮುಚ್ಚಿರಬೇಕು, ಬೇಕಾದ ಕಡೆ ತೆರೆದಿರಬೇಕು. ಮೇಲೆ ಇಂಕು ಸುರಿದು ರಬ್ಬರಿನ ಸ್ಕ್ವೀಜಿಯಿಂದ ಒಂದು ಕೈ ಎಳೆದರೆ ಕೆಳಗಿನ ಕಾಗದಕ್ಕೆ ಚಿತ್ರ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವಾಗ ಇಂಕು ಗಾಳಿಗೆ ಒಣಗಿ ಕಣ್ಣುಗಳಲ್ಲಿ ಕಟ್ಟಿಕೊಳ್ಳುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಂತೂ, ಅದೇ ಮದುವೆ ಸೀಸನ್ನು ಬೇರೆ, ನಾಲ್ಕು ಕಾರ್ಡು ಎಳೆಯುವಷ್ಟರಲ್ಲಿ ವಧುವಿನ ಹೆಸರಿನ ಒತ್ತು ಮಾಯವಾಗಿರುತ್ತದೆ. ರಿಟಾರ್ಡರ್ ಬೆರೆಸಿ ಇಂಕನ್ನು ನಿಧಾನಕ್ಕೆ ಒಣಗಿಸಬೇಕು, ನಡುನಡುವೆ ತಿನ್ನರ್ ಬಟ್ಟೆಯಿಂದ ಸ್ಕ್ರೀನು ಒರೆಸಬೇಕು. ಇಂಕು ತೆಳುವಾದರೆ ಅಕ್ಷರ ಹರಡುತ್ತದೆ. ಕೈ ಭಾರವಾದರೆ ಒಂದು ಕಡೆ ಮೆತ್ತುತ್ತದೆ, ಹಗುರವಾದರೆ ಇನ್ನೊಂದು ಕಡೆ ಬೋಳು. ಎರಡು ಬಣ್ಣದ ಕೆಲಸವಾದರೆ ಮೊದಲನೆಯದರ ಮೇಲೆ ಎರಡನೆಯದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಇದಕ್ಕೆ ರಿಜಿಸ್ಟ್ರೇಷನ್ ಎನ್ನುತ್ತೇವೆ. ಗಣಪತಿಯ ಪೀತಾಂಬರದ ಹಳದಿ ಕಪ್ಪು ಗೆರೆ ದಾಟಿದರೆ ಗಿರಾಕಿ ಕಾರ್ಡಿನ ಕಟ್ಟನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತಾನೆ.

ಕಟ್ಟಿದ ಸ್ಕ್ರೀನು, ಮೆತ್ತಿದ ಇಂಕು, ತಪ್ಪಿದ ರಿಜಿಸ್ಟ್ರೇಷನ್: ವಾರ್ಹಾಲನ ಕಲೆ ಎಂದು ಜಗತ್ತು ಗುರುತಿಸುವುದು ಹೆಚ್ಚುಕಮ್ಮಿ ಈ ಮೂರನ್ನೇ.

ಈ ಕಸುಬು ಅವನು ಹುಟ್ಟುವ ಹೊತ್ತಿಗಾಗಲೇ ಹಳೆಯದು. ಜಪಾನಿನವರು ಶತಮಾನಗಳಿಂದ ಕಾಗದ ಕತ್ತರಿಸಿ ಅಚ್ಚು ಮಾಡಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದವನ್ನು ಪದರಪದರವಾಗಿ ಅಂಟಿಸಿ, ಪರ್ಸಿಮನ್ ಕಾಯಿಯ ಒಗರು ರಸ ಬಳಿದು ಗಟ್ಟಿ ಮಾಡುತ್ತಿದ್ದರು. ಕತ್ತರಿಸಿದ ಚೂರುಗಳು ಕಳಚಿ ಬೀಳದ ಹಾಗೆ ನಡುವೆ ರೇಷ್ಮೆ ಎಳೆಗಳನ್ನು ಹಾಯಿಸುತ್ತಿದ್ದರು. ಆ ಎಳೆಗಳೇ ಮುಂದೆ ಪೂರ್ತಿ ಬಟ್ಟೆಯಾದವು ಎಂದುಕೊಂಡರೂ ತಪ್ಪಿಲ್ಲ. 1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಚೌಕಟ್ಟಿಗೆ ರೇಷ್ಮೆ ಕಟ್ಟಿ ಅಚ್ಚು ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ. ರೇಷ್ಮೆ ಅಂದರೆ ಸೀರೆಯ ರೇಷ್ಮೆಯಲ್ಲ. ಹಿಟ್ಟಿನ ಗಿರಣಿಯವರು ಹಿಟ್ಟು ಜರಡಿ ಹಿಡಿಯಲು ಬಳಸುತ್ತಿದ್ದ ಬೋಲ್ಟಿಂಗ್ ಬಟ್ಟೆ, ಸ್ವಿಟ್ಜರ್ಲೆಂಡಿನಲ್ಲಿ ನೇಯುತ್ತಿದ್ದದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ರೇಷ್ಮೆ ಸಿಗುವುದು ಕಷ್ಟವಾಗಿ, ಮುಂದೆ ನೈಲಾನ್ ಬಂತು. ನನ್ನ ಕೈಗೆ ಸಿಕ್ಕಿದ್ದೂ ನೈಲಾನೇ. ಹೆಸರಿಗೆ ಮಾತ್ರ ಸಿಲ್ಕ್ ಸ್ಕ್ರೀನು.

ಫೋಟೋವನ್ನು ಸ್ಕ್ರೀನಿಗೆ ಇಳಿಸುವ ವಿದ್ಯೆಯ ಬೇರು ಇನ್ನೂ ಹಿಂದಿನದು. 1839ರಲ್ಲಿ ಸ್ಕಾಟ್ಲೆಂಡಿನ ಮಂಗೊ ಪಾಂಟನ್ ಬೈಕ್ರೋಮೇಟ್ ಬಳಿದ ಕಾಗದ ಬಿಸಿಲಿಗೆ ಬದಲಾಗುವುದನ್ನು ಕಂಡುಕೊಂಡ. ಜೆಲಟಿನ್ ಅಥವಾ ಅಂಟಿನ ಜೊತೆ ಬೈಕ್ರೋಮೇಟ್ ಬೆರೆಸಿದರೆ ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಬೀಳದ ಕಡೆ ನೀರಿಗೆ ತೊಳೆದುಹೋಗುತ್ತದೆ. ನನ್ನ ಹಿಂದಿನ ಕೋಣೆಯ ಇಡೀ ರಸಾಯನಶಾಸ್ತ್ರ ಇಷ್ಟೇ. ಕಿಟಕಿಗೆ ಕರಿ ಬಟ್ಟೆ ಕಟ್ಟಿ ಎಮಲ್ಷನ್ ಬಳಿದು ಒಣಗಿಸುವುದು, ಮೇಲೆ ಫಿಲ್ಮ್ ಪಾಸಿಟಿವ್, ಅದರ ಮೇಲೆ ಗಾಜು ಇಟ್ಟು ಮಹಡಿಗೆ ಕೊಂಡೊಯ್ದು ಬಿಸಿಲಿಗೆ ಹಿಡಿಯುವುದು. ಎಷ್ಟು ಹೊತ್ತು ಎನ್ನುವುದಕ್ಕೆ ಗಡಿಯಾರಕ್ಕಿಂತ ಆಕಾಶವೇ ಲೆಕ್ಕ. ಮೋಡ ಅಡ್ಡ ಬಂದರೆ ಎಣಿಕೆ ನಿಲ್ಲಿಸಿ, ಹೋದ ಮೇಲೆ ಮುಂದುವರಿಸುವುದು. ಆಮೇಲೆ ಬಚ್ಚಲಿಗೆ ತಂದು ನೀರು ಹೊಯ್ದರೆ ವಧೂವರರ ಹೆಸರು ಕಣ್ಣು ಬಿಡುತ್ತಿತ್ತು.

ಅಮೆರಿಕದಲ್ಲಿ ಈ ಕಸುಬು ಬೆಳೆದದ್ದು ಬಾವುಟ, ಅಂಗಡಿ ಬೋರ್ಡು, ಪೋಸ್ಟರುಗಳಿಂದ. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿನ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಟ್ಟು ಪೋಸ್ಟರ್ ಮಾಡಿಸಿತು; ಆಂಥನಿ ವೆಲೋನಿಸ್ ಎಂಬಾತ ನ್ಯೂಯಾರ್ಕಿನಲ್ಲಿ ಅವರಿಗೆ ಸ್ಕ್ರೀನು ಎಳೆಯುವುದನ್ನು ಕಲಿಸಿದ. ಆದರೂ ದೊಡ್ಡ ಕಲಾವಿದರು ಇದನ್ನು ಬಹುಕಾಲ ಮುಟ್ಟಲಿಲ್ಲ. ಸೋಪಿನ ಡಬ್ಬಿಯ ಬೋರ್ಡು ಬರೆಯುವವರ ಕೆಲಸ ಎಂಬ ತಾತ್ಸಾರ.

ವಾರ್ಹಾಲ್ ಬಂದದ್ದು ಆ ಸೋಪಿನ ಡಬ್ಬಿಯ ಕಡೆಯಿಂದಲೇ. 1928ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದಾಗ ಹೆಸರು ಆಂಡ್ರ್ಯೂ ವಾರ್ಹೋಲಾ. ಅಪ್ಪ ಅಮ್ಮ ಕಾರ್ಪೇಥಿಯನ್ ಬೆಟ್ಟಗಳ ಮಿಕೋವಾ ಎಂಬ ಹಳ್ಳಿಯಿಂದ, ಈಗಿನ ಸ್ಲೊವಾಕಿಯಾದಿಂದ ವಲಸೆ ಬಂದ ರುಸಿನ್ ಜನ. ಉಕ್ಕಿನ ಕಾರ್ಖಾನೆಗಳ ಊರು. ಅಪ್ಪ ಕಟ್ಟಡ ಕೆಲಸದವನು, 1942ರಲ್ಲಿ ತೀರಿಕೊಂಡ. ಹುಡುಗನಿಗೆ ಚಿಕ್ಕಂದಿನಲ್ಲಿ ಕೈಕಾಲು ನಡುಗುವ ಕಾಯಿಲೆ ಬಂದು ತಿಂಗಳುಗಟ್ಟಲೆ ಹಾಸಿಗೆ. ಆಗ ಅಮ್ಮ ತಂದುಕೊಟ್ಟ ಸಿನಿಮಾ ಪತ್ರಿಕೆಗಳೇ ಜೊತೆ. ಅವರು ಹೋಗುತ್ತಿದ್ದ ಬೈಜಾಂಟೈನ್ ಕ್ಯಾಥೊಲಿಕ್ ಚರ್ಚಿನಲ್ಲಿ ಗರ್ಭಗುಡಿಗೆ ಅಡ್ಡಲಾಗಿ ಸಂತರ ಚಿತ್ರಗಳ ಗೋಡೆ, ಚಿನ್ನದ ಹಿನ್ನೆಲೆಯಲ್ಲಿ ಸಾಲುಸಾಲು ಮುಖಗಳು. ಮುಂದೆ ಅವನು ಮಾಡಿದ ಮರ್ಲಿನ್ ಮನ್ರೋ ಮುಖಗಳಿಗೆ ಇದೇ ಮೂಲ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಇದ್ದೀತು. ನನಗೆ ಅದಕ್ಕಿಂತ ಹಿಡಿಸಿದ್ದು ಅಮ್ಮ ಜೂಲಿಯಾಳ ಇನ್ನೊಂದು ಸಂಗತಿ: ಹಣ್ಣಿನ ಖಾಲಿ ತಗಡಿನ ಡಬ್ಬಿಗಳನ್ನು ಕತ್ತರಿಸಿ ಹೂವು ಮಾಡಿ ಮನೆಮನೆಗೆ ಮಾರುತ್ತಿದ್ದಳಂತೆ. ಡಬ್ಬಿಯಿಂದ ದುಡ್ಡು ಹುಟ್ಟಿಸುವುದನ್ನು ಆ ಮನೆಯಲ್ಲಿ ಮೊದಲು ಕಂಡುಕೊಂಡವಳು ಅವಳೇ.

ಮ್ಯೂಸಿಯಂ ಇರುವುದು ಅಲೆಘೆನಿ ನದಿಯ ಆಚೆ ದಡದಲ್ಲಿ, 1911ರ ಹಳೆಯ ಗೋದಾಮು ಕಟ್ಟಡದಲ್ಲಿ. ಏಳಂತಸ್ತು, 1994ರಲ್ಲಿ ತೆರೆದದ್ದು. ಪೇಟೆಯಿಂದ ಅಲ್ಲಿಗೆ ದಾಟುವ ಹಳದಿ ಸೇತುವೆಗೆ 2005ರಿಂದ ಅವನದೇ ಹೆಸರು. ಲಿಫ್ಟಿನಲ್ಲಿ ಏಳಕ್ಕೆ ಹೋಗಿ ಒಂದೊಂದೇ ಮಹಡಿ ಇಳಿಯುತ್ತಾ ಬರಬೇಕು, ಬಾಲ್ಯ ಮೇಲೆ, ಕೊನೆಗಾಲ ಕೆಳಗೆ. ಮಂಡಿ ನೋವಿನವರಿಗೆ ಅನುಕೂಲ. ನಮ್ಮ ಊರಿನ ಕಡೆಯವರು ಪಿಟ್ಸ್‌ಬರ್ಗಿಗೆ ಬಂದರೆ ಪೆನ್ ಹಿಲ್ಸಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುತ್ತಾರೆ; ನಾನೂ ಹೋಗಿದ್ದೆ, ಪುಳಿಯೋಗರೆ ಚೆನ್ನಾಗಿತ್ತು. ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗು ಅಂದಾಗ ಮಗಳಿಗೆ ಸ್ವಲ್ಪ ಆಶ್ಚರ್ಯ. "ಅಮ್ಮಾ, ಅಲ್ಲಿ ಒಂದಿಷ್ಟು ಅಸಹ್ಯವೂ ಇರುತ್ತೆ" ಎಂದಳು. ಇತ್ತು. ತಾಮ್ರದ ಪುಡಿಯ ಬಣ್ಣ ಬಳಿದು ಅದರ ಮೇಲೆ ಮೂತ್ರ ಮಾಡಿಸಿ ಕಿಲುಬು ಬರಿಸಿದ ಚಿತ್ರಗಳಿದ್ದವು. ತಾಮ್ರ ಹುಳಿಗೆ ಕಿಲುಬು ಹಿಡಿಯುವುದು ಪಾತ್ರೆ ತೊಳೆದ ಯಾರಿಗೂ ಹೊಸದಲ್ಲವಾದ್ದರಿಂದ ಬೇಗ ದಾಟಿ ಹೋದೆ.

ಮೇಲಿನ ಮಹಡಿಯಲ್ಲಿ ನಿಂತದ್ದು ಜಾಸ್ತಿ. ಊರಿನ ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ ಓದು ಮುಗಿಸಿ 1949ರಲ್ಲಿ ನ್ಯೂಯಾರ್ಕಿಗೆ ಹೋದ ಹುಡುಗ ಸುಮಾರು ಹತ್ತು ವರ್ಷ ಮಾಡಿದ್ದು ಜಾಹೀರಾತು ಚಿತ್ರ. ಮುಖ್ಯವಾಗಿ ಹೆಂಗಸರ ಚಪ್ಪಲಿ, ಬೂಟು. ಆಗ ಅವನದೊಂದು ಉಪಾಯವಿತ್ತು. ಇಂಕು ಹೀರದ ಕಾಗದದ ಮೇಲೆ ಸ್ವಲ್ಪ ಸ್ವಲ್ಪ ಗೆರೆ ಎಳೆದು, ಹಸಿ ಇರುವಾಗಲೇ ಇನ್ನೊಂದು ಹಾಳೆಗೆ ಒತ್ತುವುದು. ಗೆರೆ ಅಲ್ಲಲ್ಲಿ ಮುರಿದು, ಅಲ್ಲಲ್ಲಿ ಉಬ್ಬಿ, ಅಚ್ಚಾದ ಹಾಗೆ ಕಾಣುತ್ತದೆ. ಮೂಲ ಹಾಳೆ ಒಂದಿದ್ದರೆ ಮತ್ತೆ ಮತ್ತೆ ಒತ್ತಬಹುದು. ಅದನ್ನು ನೋಡಿದಾಗ ನನಗೆ ಈತ ಯಾರು ಎಂದು ಅರ್ಥವಾಯಿತು. ಚಿತ್ರಕಾರನ ವೇಷದ ಪ್ರಿಂಟರ್. ಒಂದು ಕೆಲಸದಿಂದ ಎಷ್ಟು ಪ್ರತಿ ತೆಗೆಯಬಹುದು ಎಂದೇ ಅವನ ತಲೆ ಓಡುತ್ತಿತ್ತು.

ಕೈಗಳು ಆಗಲೇ ಹಲವು. ನೇಥನ್ ಗ್ಲಕ್ ಎಂಬ ಸಹಾಯಕ ಗೆರೆ ಒತ್ತುತ್ತಿದ್ದ. ವಾರ್ಹಾಲ್ ಸ್ನೇಹಿತರನ್ನು ಕೆಫೆಗೆ ಕರೆದು ಪುಸ್ತಕದ ಪುಟಗಳಿಗೆ ಬಣ್ಣ ತುಂಬಿಸುತ್ತಿದ್ದ. ಅಕ್ಷರ ಬರೆಯುತ್ತಿದ್ದವಳು ಅಮ್ಮ. 1952ರಲ್ಲಿ ಮಗನ ಜೊತೆ ಇರಲು ನ್ಯೂಯಾರ್ಕಿಗೆ ಬಂದಿದ್ದಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗ ಬರೆದುಕೊಟ್ಟದ್ದನ್ನು ಅಕ್ಷರ ಅಕ್ಷರವಾಗಿ ನೋಡಿ ಸುರುಳಿ ಸುರುಳಿಯಾಗಿ ಬರೆಯುವಳು, ನಡುವೆ ಒಂದಕ್ಷರ ಬಿಟ್ಟುಹೋಗಿರುವುದು. 1954ರಲ್ಲಿ ಅಚ್ಚಾದ ಬೆಕ್ಕುಗಳ ಪುಸ್ತಕದ ಹೆಸರಿನಲ್ಲೇ ಒಂದಕ್ಷರ ಬಿದ್ದುಹೋಗಿದೆ. ಮಗ ತಿದ್ದದೆ ಹಾಗೇ ಅಚ್ಚಿಗೆ ಕೊಟ್ಟ. ಪ್ರೂಫ್ ನೋಡಿದವರಿಗೆ ಗೊತ್ತು, ಇದು ಸಾಮಾನ್ಯ ಧೈರ್ಯವಲ್ಲ. ತಪ್ಪನ್ನು ಹಾಗೇ ಬಿಡುವ ವಿದ್ಯೆ ಸ್ಕ್ರೀನಿಗಿಂತ ಎಂಟು ವರ್ಷ ಮೊದಲು, ಅಮ್ಮನ ಕೈಬರಹದಲ್ಲೇ ಅವನಿಗೆ ಸಿದ್ಧಿಸಿತ್ತು. ಅವಳಿಗೆ ಸುಸ್ತಾದ ದಿನ ಗ್ಲಕ್ ಅವಳ ಅಕ್ಷರವನ್ನೇ ನಕಲು ಮಾಡಿ ಬರೆಯುತ್ತಿದ್ದನಂತೆ. ಮೂನ್‌ಡಾಗ್ ಎಂಬ ಸಂಗೀತಗಾರನ ರೆಕಾರ್ಡಿನ ಹೊದಿಕೆಗೆ ಬರೆದ ಅಕ್ಷರಕ್ಕೆ ಅವಳಿಗೆ ಬಹುಮಾನ ಬಂತು. ಬಹುಮಾನ ಪತ್ರದಲ್ಲಿ ಜೂಲಿಯಾ ವಾರ್ಹೋಲಾ ಎಂದಿರಲಿಲ್ಲ. ಆಂಡಿ ವಾರ್ಹಾಲನ ತಾಯಿ ಎಂದಿತ್ತು. ನಾನಾಗಿದ್ದರೆ ತಿರುಗಿಸಿ ಕಳಿಸುತ್ತಿದ್ದೆ.

ಈಗ 1962. ಆ ವರ್ಷದ ಜುಲೈನಲ್ಲಿ ಲಾಸ್ ಏಂಜಲೀಸಿನ ಫೆರಸ್ ಗ್ಯಾಲರಿಯಲ್ಲಿ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಗಳ 32 ಚಿತ್ರಗಳನ್ನು, ಅಂಗಡಿಯಲ್ಲಿ ಸಾಮಾನು ಜೋಡಿಸಿದ ಹಾಗೆ, ಗೋಡೆಗೆ ಸಣ್ಣ ಹಲಗೆ ಹೊಡೆದು ಸಾಲಾಗಿ ಇಟ್ಟರು. ಸೂಪಿನ ರುಚಿಗೊಂದರಂತೆ ಚಿತ್ರ. ಪಕ್ಕದ ಗ್ಯಾಲರಿಯವರು ನಿಜವಾದ ಡಬ್ಬಿಗಳನ್ನು ಪೇರಿಸಿಟ್ಟು, ಅಸಲಿ ಮಾಲು ಇಲ್ಲಿ ಅಗ್ಗ ಎಂದು ಗೇಲಿ ಮಾಡಿದರು. ಬಿಡಿಬಿಡಿಯಾಗಿ 100 ಡಾಲರಿಗೆ ಇಟ್ಟ ಚಿತ್ರಗಳಲ್ಲಿ ಹೋದದ್ದು ನಾಲ್ಕೈದು. ಗ್ಯಾಲರಿಯ ಇರ್ವಿಂಗ್ ಬ್ಲಮ್ ಅವನ್ನೂ ವಾಪಸು ಪಡೆದು ಇಡೀ ಕಟ್ಟನ್ನು ತಾನೇ 1,000 ಡಾಲರಿಗೆ, ತಿಂಗಳಿಗೆ 100ರ ಕಂತಿನಲ್ಲಿ ಕೊಂಡ. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿನಲ್ಲಿದೆ. 1996ರಲ್ಲಿ ಅಲ್ಲಿಗೆ ಹೋದಾಗ ಕೈಬದಲಾದ ಹಣ ಸುಮಾರು ಒಂದೂವರೆ ಕೋಟಿ ಡಾಲರ್. ಬಹಳ ಜನ ಅವನ್ನು ಸ್ಕ್ರೀನ್ ಪ್ರಿಂಟ್ ಎಂದೇ ತಿಳಿದಿದ್ದಾರೆ. ಅಲ್ಲ, ಬ್ರಷ್ಷಿನ ಕೆಲಸ. ಡಬ್ಬಿಯ ಕೆಳಗಿನ ಚಿನ್ನದ ಹೂವನ್ನು ಮಾತ್ರ ಮುದ್ರೆ ಒತ್ತಿ ಮಾಡಿದ್ದು. ಮೂವತ್ತೆರಡು ಸಲ ಒಂದೇ ಡಬ್ಬಿ ಬರೆದ ಮೇಲೆ ಯಾರಿಗಾದರೂ ಮೆಷೀನಿನ ನೆನಪಾಗುತ್ತದೆ. ಅದೇ ಹೊತ್ತಿಗೆ ಅವನು ಡಾಲರ್ ನೋಟುಗಳನ್ನು ಸ್ಕ್ರೀನಿನಲ್ಲಿ ತೆಗೆದಿದ್ದ. ಇನ್ನೊಂದು ಹೆಜ್ಜೆ ಮುಂದಿಟ್ಟು, ಕೈಯಲ್ಲಿ ಬರೆದದ್ದರ ಬದಲು ಫೋಟೋವನ್ನೇ ಸ್ಕ್ರೀನಿಗೆ ಇಳಿಸಿದ.

ಆಗಸ್ಟ್ ಮೊದಲ ವಾರದಲ್ಲಿ ಮರ್ಲಿನ್ ಮನ್ರೋ ಸತ್ತಳು. 'ನಯಾಗರಾ' ಚಿತ್ರದ ಒಂದು ಪ್ರಚಾರದ ಫೋಟೋ ತಂದು, ಮುಖದಷ್ಟನ್ನು ಗೆರೆ ಹಾಕಿ ಗುರುತು ಮಾಡಿ, ಸ್ಕ್ರೀನು ಮಾಡುವ ಅಂಗಡಿಗೆ ಕಳಿಸಿದ. ಇಲ್ಲಿ ಗಮನಿಸಬೇಕು: ಸ್ಕ್ರೀನು ಅವನು ಮಾಡಲಿಲ್ಲ. ಎಕ್ಸ್‌ಪೋಸ್ ಮಾಡಿ ತೊಳೆದು ಕೊಟ್ಟವರು ಬೋರ್ಡು ಪೋಸ್ಟರಿನ ಕಸುಬಿನವರು. ಅವನು ಕ್ಯಾನ್ವಾಸಿನ ಮೇಲೆ ಮೊದಲು ತುಟಿಗೆ ಕೆಂಪು, ಕೂದಲಿಗೆ ಹಳದಿ, ರೆಪ್ಪೆಗೆ ನೀಲಿ ಎಂದು ಅಂದಾಜಿನ ಮೇಲೆ ಬಣ್ಣದ ತೇಪೆಗಳನ್ನು ಬಳಿದುಕೊಂಡು, ಅದರ ಮೇಲೆ ಕಪ್ಪು ಇಂಕಿನ ಸ್ಕ್ರೀನು ಎಳೆದ. ತೇಪೆಯ ಮೇಲೆ ಕಪ್ಪು ಸರಿಯಾಗಿ ಕೂತರೆ ಕೂತಿತು, ಇಲ್ಲದಿದ್ದರೆ ತುಟಿಯ ಕೆಂಪು ಗಲ್ಲಕ್ಕೆ ಇಳಿಯಿತು. ಲಂಡನ್ನಿನ ಟೇಟ್‌ನಲ್ಲಿರುವ ಜೋಡಿ ಚಿತ್ರವನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದೇನೆ: ಎಡಕ್ಕೆ 25 ಬಣ್ಣದ ಮರ್ಲಿನ್, ಬಲಕ್ಕೆ 25 ಬರೀ ಕಪ್ಪಿನವು. ಬಲಗಡೆ ಒಂದು ಕಂಬಸಾಲಿನಲ್ಲಿ ಮುಖಗಳು ಮಸಿಯಲ್ಲಿ ಮುಳುಗಿವೆ, ಮುಂದಿನವು ತೆಳುವಾಗುತ್ತಾ ಹೋಗಿ ಕೊನೆಗೆ ಇಲ್ಲವೇ ಇಲ್ಲ ಎನ್ನುವಷ್ಟಾಗುತ್ತವೆ. ಸಾವು ಎನ್ನುತ್ತಾರೆ. ನನ್ನ ಪ್ರಕಾರ ಮೊದಲು ಇಂಕು ಜಾಸ್ತಿ ಸುರಿದಿದ್ದಾನೆ, ಆಮೇಲೆ ಹೊಸದಾಗಿ ಸುರಿದಿಲ್ಲ, ಸ್ಕ್ರೀನು ಒರೆಸಿಯೂ ಇಲ್ಲ. ಎರಡೂ ನಿಜವಿರಬಹುದು. ಅವನ ಜಾಣತನ ಇದ್ದದ್ದು ಎಳೆಯುವುದರಲ್ಲಲ್ಲ, ಎಳೆದಾದ ಮೇಲೆ ನೋಡುವುದರಲ್ಲಿ. ನಾವು ಕೆಟ್ಟ ಪ್ರತಿಯನ್ನು ಕಂಡ ತಕ್ಷಣ ಹರಿದು ಬುಟ್ಟಿಗೆ ಎಸೆಯುತ್ತಿದ್ದೆವು. ಅವನು ನಿಂತು ನೋಡಿದ. ಆ ಮಟ್ಟಿಗೆ ಅವನಿಗೆ ನಮಸ್ಕಾರ.

ಹನ್ನೊಂದು ಎಲ್ವಿಸ್‌ಗಳ ಹೊತ್ತಿಗೆ ಇನ್ನೊಂದು ಜೊತೆ ಕೈ ಸೇರಿತ್ತು. 1963ರ ಜೂನಿನಲ್ಲಿ ಜೆರಾರ್ಡ್ ಮಲಾಂಗಾ ಎಂಬ ಕವಿತೆ ಬರೆಯುವ ಕಾಲೇಜು ಹುಡುಗನನ್ನು ಗಂಟೆಗೆ 1 ಡಾಲರ್ 25 ಸೆಂಟ್‌ಗೆ, ಅಂದರೆ ಆಗಿನ ಕನಿಷ್ಠ ಕೂಲಿಗೆ, ಇಟ್ಟುಕೊಂಡ. ಅವನ ಅರ್ಹತೆ ಕವಿತೆಯಲ್ಲ. ಟೈ ಬಟ್ಟೆಗೆ ಸ್ಕ್ರೀನು ಎಳೆಯುವ ಕಡೆ ದುಡಿದಿದ್ದ ಅನುಭವ. ಮನುಷ್ಯನೆತ್ತರದ ಸ್ಕ್ರೀನನ್ನು ಒಬ್ಬರು ಎಳೆಯಲು ಆಗುವುದೇ ಇಲ್ಲ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಈ ಕಡೆಯವರು ಅರ್ಧದವರೆಗೆ ಸ್ಕ್ವೀಜಿ ತಂದು, ಆ ಕಡೆಯವರ ಕೈಗೆ ದಾಟಿಸಬೇಕು. ದಾಟಿಸುವ ಕ್ಷಣದಲ್ಲಿ ಒತ್ತಡ ಬದಲಾಗುತ್ತದೆ. ಎಲ್ವಿಸ್‌ಗಳ ನಡುವಿನಲ್ಲಿ ಅದರ ಗುರುತು ಇದೆಯೇ ಎಂದು ಹುಡುಕಿದೆ. ಸೊಂಟದ ಹತ್ತಿರ ಒಂದಿಬ್ಬರಿಗೆ ಇದೆ ಎಂದೇ ನನ್ನ ಕಣ್ಣು ಹೇಳಿತು. ಆ ವರ್ಷ ಲಾಸ್ ಏಂಜಲೀಸಿನ ಪ್ರದರ್ಶನಕ್ಕೆ ಎಲ್ವಿಸ್ ಚಿತ್ರಗಳನ್ನು ಕತ್ತರಿಸದೆ, ಸೀರೆ ಥಾನಿನಂತೆ ಸುತ್ತಿ ಕಳಿಸಿಬಿಟ್ಟ. ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಿ, ಗೋಡೆಯ ಸುತ್ತ ಬಿಡುವಿಲ್ಲದೆ ಹೊಂದಿಸಿ ಎಂದಷ್ಟೇ ಸೂಚನೆ.

1964ರಲ್ಲಿ ನ್ಯೂಯಾರ್ಕಿನ 47ನೇ ಬೀದಿಯಲ್ಲಿ ಬೆಳ್ಳಿ ಕಾಗದ ಅಂಟಿಸಿದ ಗೋಡೆಗಳ ಹೊಸ ಕಾರ್ಯಾಗಾರ, 'ಫ್ಯಾಕ್ಟರಿ'. ಅಲ್ಲಿ ನಡೆದ ಪಾರ್ಟಿಗಳ ಕಥೆ ಎಲ್ಲರೂ ಬರೆದಿದ್ದಾರೆ, ಅದು ನನಗೆ ಬೇಡ. ಅಲ್ಲಿಂದ ಮೊದಲು ಹೊರಬಂದ ಸರಕು ಬ್ರಿಲೊ ಪೆಟ್ಟಿಗೆಗಳು: ಪಾತ್ರೆ ಉಜ್ಜುವ ಸೋಪಿನ ನಾರು ತುಂಬುವ ರಟ್ಟಿನ ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ಮಾಡಿಸಿ, ಅದರ ಮೇಲೆ ಸ್ಕ್ರೀನು ಎಳೆದದ್ದು. ಮ್ಯೂಸಿಯಮ್ಮಿನಲ್ಲಿ ಅವು ಪೇರಿಸಿಟ್ಟಿವೆ. ಕೆಂಪು, ನೀಲಿ, ಬಿಳಿ, ರಿಜಿಸ್ಟ್ರೇಷನ್ ಅಚ್ಚುಕಟ್ಟು. ಆರ್ಥರ್ ಡಾಂಟೊ ಎಂಬ ತತ್ತ್ವಶಾಸ್ತ್ರದ ಮೇಷ್ಟ್ರು ಇವನ್ನು ನೋಡಿ, ಅಂಗಡಿಯ ಪೆಟ್ಟಿಗೆಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲದಿದ್ದರೆ ಕಲೆ ಎಂಬುದು ಇರುವುದೆಲ್ಲಿ ಎಂದು ಜೀವಮಾನವಿಡೀ ಯೋಚಿಸಿದರು. ಅಂಗಡಿಯ ಪೆಟ್ಟಿಗೆಯನ್ನು ಡಿಸೈನ್ ಮಾಡಿದವನ ಹೆಸರು ಜೇಮ್ಸ್ ಹಾರ್ವಿ. ಅವನೂ ಚಿತ್ರಕಾರನೇ, ತನ್ನ ಅಮೂರ್ತ ಚಿತ್ರಗಳು ಹೊಟ್ಟೆ ತುಂಬಿಸದ್ದರಿಂದ ಪೆಟ್ಟಿಗೆ ಡಿಸೈನಿನ ನೌಕರಿ. ತಾನು ಸಂಬಳಕ್ಕೆ ಮಾಡಿದ ಪೆಟ್ಟಿಗೆ ಗ್ಯಾಲರಿಯಲ್ಲಿ ನೂರಾರು ಡಾಲರಿಗೆ ಕೂತಿದ್ದನ್ನು ಅವನು ಕಂಡ. ಮಾರನೆಯ ವರ್ಷ, ಇನ್ನೂ ನಲವತ್ತೂ ತುಂಬಿರಲಿಲ್ಲ, ತೀರಿಕೊಂಡ.

"ನೀನು ಪ್ರಿಂಟ್ ಮಾಡಿದ ಕಾರ್ಡಿನಲ್ಲಿ ನಿನ್ನ ಹೆಸರು ಇರ್ತಿತ್ತಾ ಅಜ್ಜಿ?" ಎಂದಳು ಮೊಮ್ಮಗಳು, ಆ ಪೆಟ್ಟಿಗೆಗಳ ಮುಂದೆ.

"ಹಿಂದುಗಡೆ ಕೆಳಗೆ ಪ್ರೆಸ್ಸಿನ ಹೆಸರು ಇರ್ತಿತ್ತು. ಆರು ಪಾಯಿಂಟ್ ಮೊಳೆ. ಕೆಲವರು ಅದನ್ನೂ ತೆಗೀರಿ ಅಂತಿದ್ರು."

ಅದೇ ವರ್ಷದ ಹೂವಿನ ಚಿತ್ರಗಳದು ಇನ್ನೊಂದು ಕಥೆ. ಫೋಟೋಗ್ರಫಿ ಪತ್ರಿಕೆಯೊಂದರಲ್ಲಿ ಬಂದ ದಾಸವಾಳದ ಫೋಟೋವನ್ನು ಕತ್ತರಿಸಿ, ತಿರುಗಿಸಿ, ಸ್ಕ್ರೀನಿಗೆ ಕೊಟ್ಟ. ಫೋಟೋ ತೆಗೆದವರು ಪ್ಯಾಟ್ರಿಷಿಯಾ ಕಾಲ್‌ಫೀಲ್ಡ್. ಅವರು 1966ರಲ್ಲಿ ದಾವೆ ಹೂಡಿ, ಅದು ರಾಜಿಯಲ್ಲಿ ಮುಗಿಯಿತು. ಆ ಮೇಲೆ ಅವನು ಪೋಲರಾಯ್ಡ್ ಕ್ಯಾಮರಾ ಹಿಡಿದು ಚಿತ್ರಕ್ಕೆ ಬೇಕಾದ ಫೋಟೋ ತಾನೇ ತೆಗೆದುಕೊಳ್ಳುವುದು ಜಾಸ್ತಿ ಮಾಡಿದ. ಎಪ್ಪತ್ತರ ದಶಕದಲ್ಲಿ ಅದೇ ವ್ಯಾಪಾರ: ದುಡ್ಡಿದ್ದವರನ್ನು ಕೂರಿಸಿ, ಮುಖಕ್ಕೆ ಬಿಳಿ ಬಳಿದು ಪೋಲರಾಯ್ಡ್ ತೆಗೆದು, 40 ಇಂಚು ಚದರದ ಕ್ಯಾನ್ವಾಸಿಗೆ ಸ್ಕ್ರೀನು ಎಳೆಸಿ 25,000 ಡಾಲರ್ ತೆಗೆದುಕೊಳ್ಳುವುದು. ಬಿಳಿ ಬಳಿದದ್ದು ಸುಕ್ಕು ಮುಚ್ಚಲು, ಹಾಗೆಯೇ ಕಪ್ಪು ಬಿಳುಪಿನ ಅಂತರ ಜಾಸ್ತಿಯಾಗಿ ಸ್ಕ್ರೀನು ಚೆನ್ನಾಗಿ ಬರಲಿ ಎಂದು. ಸ್ಟುಡಿಯೋದ ಮಸುಕು ಫೋಟೋ ತಂದು ಕಾರ್ಡಿಗೆ ಹಾಕಿ ಎನ್ನುವ ಗಿರಾಕಿಗಳನ್ನು ನೆನೆದರೆ ಆ ಬಿಳಿಯ ಬೆಲೆ ನನಗೆ ಚೆನ್ನಾಗಿ ತಿಳಿಯುತ್ತದೆ.

1977ರಿಂದ ಅವನ ಪ್ರಿಂಟುಗಳನ್ನು ಎಳೆದವನು ರುಪರ್ಟ್ ಜೇಸನ್ ಸ್ಮಿತ್. ಅವನ ಕೆಲಸ ಕಂಡರೆ ಕೈ ಮುಗಿಯಬೇಕು. ಗೆರೆ, ಬಣ್ಣ ಎಲ್ಲ ಇದ್ದಲ್ಲೇ ಇವೆ. ಚಪ್ಪಲಿಗಳ ಒಂದು ದೊಡ್ಡ ಚಿತ್ರದ ಮುಂದೆ ನಾನು ನಕ್ಕುಬಿಟ್ಟೆ, ಕಾವಲಿನವನು ತಿರುಗಿ ನೋಡಿದ. ಕಪ್ಪು ನೆಲದ ಮೇಲೆ ಬಣ್ಣದ ಹೈಹೀಲುಗಳು, ಮೈತುಂಬ ಮಿನುಗು. ಡೈಮಂಡ್ ಡಸ್ಟ್ ಅಂತ ಹೆಸರು. ಸ್ಮಿತ್ ತಂದ ಉಪಾಯ ಅದು. ನಿಜವಾದ ವಜ್ರದ ಪುಡಿ ಹಾಕಿ ನೋಡಿದರು, ಸೀಮೆಸುಣ್ಣದ ಪುಡಿಯಂತೆ ಮಂಕಾಗಿ ಕೂತಿತು. ಆಮೇಲೆ ಗಾಜಿನ ಪುಡಿ ಹಾಕಿದರು, ಹೊಳೆಯಿತು. ನಮ್ಮಲ್ಲಿ ಲಗ್ನಪತ್ರಿಕೆಯ ಕಳಶಕ್ಕೆ, ಇಂಕು ಹಸಿಯಿರುವಾಗಲೇ ಜರಿ ಪುಡಿ ಉದುರಿಸಿ ಕೊಡವುತ್ತಿದ್ದೆವು. ವಾರಗಟ್ಟಲೆ ಅನ್ನದಲ್ಲೂ ಹೊಳಪು ಸಿಗುತ್ತಿತ್ತು. ಅದಕ್ಕೂ ಮುಂಚೆ ನಮ್ಮ ಅಜ್ಜಿಯ ಕಾಲದವರು ರವಿವರ್ಮ ಪ್ರೆಸ್ಸಿನ ಲಕ್ಷ್ಮೀ ಸರಸ್ವತಿಯರ ಪಟಕ್ಕೆ ಜರತಾರಿ ಬಟ್ಟೆ, ಚಮಕಿ ಅಂಟಿಸಿ ಗಾಜು ಹಾಕಿಸುತ್ತಿದ್ದರು. ಆ ಪ್ರೆಸ್ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಕೆಲವೇ ವರ್ಷಗಳಲ್ಲಿ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ ಕಸುಬಿನವನ ಕೈಗೆ ಹೋಯಿತು. ಪಟದ ಮೇಲೆ ಉಳಿದ ಹೆಸರು ಮಾತ್ರ ರವಿವರ್ಮನದೇ.

ನೆಲಮಾಳಿಗೆಯಲ್ಲಿ ಬಂದವರಿಗೆ ಸ್ಕ್ರೀನು ಎಳೆಯಲು ಕೊಡುವ ಕೋಣೆಯಿದೆ. ಮಕ್ಕಳೆಲ್ಲ ಅಂಗಿಗೆ ಏಪ್ರನ್ ಕಟ್ಟಿ ನಿಂತಿದ್ದರು. ನೀರಿನಲ್ಲಿ ತೊಳೆದುಹೋಗುವ ಇಂಕು, ತಿನ್ನರ್ ವಾಸನೆಯಿಲ್ಲ. ಮೊಮ್ಮಗಳು ಸ್ಕ್ವೀಜಿಯನ್ನು ಮಲಗಿಸಿ ಎಳೆಯುತ್ತಿದ್ದಳು, ಇಂಕು ಹರಡುತ್ತಿತ್ತು. ನಿಲ್ಲಿಸಿ ಹಿಡಿ, ಒಂದೇ ಉಸಿರಿನಲ್ಲಿ ಎಳೆ, ನಡುವೆ ನಿಲ್ಲಬೇಡ ಎಂದೆ. ಕಲಿಸುತ್ತಿದ್ದ ಹುಡುಗಿಗೆ ಭಾಷೆ ತಿಳಿಯದಿದ್ದರೂ ಕೈಸನ್ನೆ ತಿಳಿಯಿತು. ಅವಳೇ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. ಎರಡನೇ ಪ್ರತಿ ಚೊಕ್ಕವಾಗಿ ಬಂತು. ಮೊಮ್ಮಗಳು ಎರಡನ್ನೂ ಹಿಡಿದು ನೋಡಿ ಮೊದಲನೆಯದನ್ನೇ ಇಟ್ಟುಕೊಂಡಳು, ಅದೇ ವಾರ್ಹಾಲ್ ಥರ ಇದೆಯಂತೆ. ಹಾಳಾಗಲಿ.

ಆದರೆ ಮಾರುಕಟ್ಟೆಯ ಲೆಕ್ಕ ಬೇರೆ. 2022ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 19.5 ಕೋಟಿ ಡಾಲರಿಗೆ ಹೋದ ಮರ್ಲಿನ್ 1964ರದು. ಆ ಸಾಲಿನ ಚಿತ್ರಗಳಲ್ಲಿ ಅವನು ಬಣ್ಣದ ತೇಪೆಗೂ ಕಪ್ಪಿಗೂ ಸರಿಯಾಗಿ ಹೊಂದಿಸಲು ಬಹಳ ಶ್ರಮದ ವಿಧಾನವೊಂದನ್ನು ಹಿಡಿದಿದ್ದ. ತಡವಾಗುತ್ತದೆಂದು ಮುಂದೆ ಕೈಬಿಟ್ಟ. ಅಂದರೆ ಅತಿ ಹೆಚ್ಚು ಬೆಲೆ ಬಂದದ್ದು ರಿಜಿಸ್ಟ್ರೇಷನ್ ಕೂತ ಮರ್ಲಿನ್‌ಗೇ.

ಇನ್ನು ಫೋಟೋ ತೆಗೆದವರ ಹೆಸರಿನ ಜಗಳ. ಅವನು 1987ರಲ್ಲಿ ಸತ್ತ ಮೇಲೂ ಅದು ಮುಗಿಯಲಿಲ್ಲ. ಲಿನ್ ಗೋಲ್ಡ್‌ಸ್ಮಿತ್ ಎಂಬ ಫೋಟೋಗ್ರಾಫರ್ 1981ರಲ್ಲಿ ಗಾಯಕ ಪ್ರಿನ್ಸ್‌ನ ಫೋಟೋ ತೆಗೆದಿದ್ದರು. 1984ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆ 400 ಡಾಲರ್ ಕೊಟ್ಟು, ಒಂದು ಸಲ ಮಾತ್ರ ಎಂಬ ಕರಾರಿನ ಮೇಲೆ ಅದನ್ನು ಪಡೆದು ವಾರ್ಹಾಲನಿಂದ ಚಿತ್ರ ಮಾಡಿಸಿತು. ಚಿತ್ರದ ಪಕ್ಕ ಗೋಲ್ಡ್‌ಸ್ಮಿತ್ ಹೆಸರನ್ನೂ ಹಾಕಿತು. ಅವನು ಒಂದು ಮಾಡುವ ಬದಲು ಹದಿನಾರು ಮಾಡಿದ್ದ, ಯಾವ ಪ್ರಿಂಟರಾದರೂ ಸ್ಕ್ರೀನು ಕೈಯಲ್ಲಿದ್ದಾಗ ಮಾಡುವ ಹಾಗೆ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಆ ಹದಿನಾರರಲ್ಲಿ ಕಿತ್ತಳೆ ಬಣ್ಣದ್ದೊಂದು ಇನ್ನೊಂದು ಪತ್ರಿಕೆಯ ಮುಖಪುಟಕ್ಕೆ ಬಂತು. ವಾರ್ಹಾಲ್ ಫೌಂಡೇಷನ್ನಿಗೆ ಹೋದದ್ದು 10,000 ಡಾಲರ್. ಗೋಲ್ಡ್‌ಸ್ಮಿತ್ ಅವರಿಗೆ ದುಡ್ಡೂ ಇಲ್ಲ, ಈ ಸಲ ಹೆಸರೂ ಇಲ್ಲ. ಅವರು ಆಕ್ಷೇಪಿಸಿದಾಗ ಮೊದಲು ಕೋರ್ಟಿಗೆ ಹೋದದ್ದು ಫೌಂಡೇಷನ್ನೇ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹತ್ತಿ, 2023ರ ಮೇ ತಿಂಗಳಲ್ಲಿ ಏಳು ಮಂದಿ ನ್ಯಾಯಮೂರ್ತಿಗಳು ಗೋಲ್ಡ್‌ಸ್ಮಿತ್ ಪರ, ಇಬ್ಬರು ವಿರುದ್ಧ ಬರೆದರು.